ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ ವಾಲ್ವ್ ತೆಗೆಸಬೇಡಿ, ಆವರೇಜ್ ಅಲ್ಲೇ ಸೋರುತ್ತದೆ

ಬಿಸಿಲು ಏರಿದರೆ ಸಾಕು, ವಿಜಯಪುರ, ಬಾಗಲಕೋಟೆ ಕಡೆಯ ಗ್ಯಾರೇಜುಗಳಲ್ಲಿ ಒಂದೇ ಮಾತು: "ವಾಲ್ ತಗದ್ ಒಗೀರಿ ಸಾಹೇಬ್ರ, ನಮ್ಮ ಬಿಸಲಿಗೆ ಅದ್ಯಾಕ ಬೇಕು?" ವಾಲ್ ಅಂದರೆ ಥರ್ಮೋಸ್ಟಾಟ್ ವಾಲ್ವ್, ಎಂಜಿನ್ ಕಾಯುವವರೆಗೆ ಕೂಲಂಟನ್ನು (ಎಂಜಿನ್ ತಂಪಿಡುವ ದ್ರವ) ರೇಡಿಯೇಟರಿಗೆ ಬಿಡದ ಬಾಗಿಲು. ಹತ್ತು ವರ್ಷ ದಾಟಿದ ಡೀಸೆಲ್ ಎಸ್‌ಯುವಿ ಇಟ್ಟುಕೊಂಡವರು ಇದಕ್ಕೆ ಹೂಂ ಅನ್ನುವ ಮೊದಲು ವಿಜಯಪುರದ ಒಂದು ಗಾಡಿಗೆ ಏನಾಯಿತು ಅನ್ನುವುದನ್ನು ಓದಿ.

ಕಾಮನ್ ರೇಲ್ ಡೀಸೆಲ್ ಎಂಜಿನ್, 1.8 ಲಕ್ಷ ಕಿಲೋಮೀಟರ್ ಓಡಿದ್ದು, ಹೆದ್ದಾರಿಯಲ್ಲಿ ಲೀಟರಿಗೆ 13 ಕಿಲೋಮೀಟರ್ ಆವರೇಜ್ ಕೊಡುತ್ತಿತ್ತು. ಕೂಲಂಟ್ ಇಳಿದಾಗಲೆಲ್ಲ ಮನೆಯ ಬೋರಿನ ಸವಳು ನೀರು ಸುರಿದು ಎರಡು ವರ್ಷ ಕಳೆದಿತ್ತು. ಏಪ್ರಿಲ್‌ನಲ್ಲಿ ಎಸಿ ಹಾಕಿಕೊಂಡು ಹುಬ್ಬಳ್ಳಿ ರಸ್ತೆ ಹಿಡಿದರೆ ಕೊಲ್ಹಾರ ದಾಟುವಷ್ಟರಲ್ಲಿ ಹೀಟ್ ಮುಳ್ಳು ಮುಕ್ಕಾಲಿಗೆ ಬಂತು. ಗ್ಯಾರೇಜಿನಲ್ಲಿ ಅರ್ಧ ತಾಸಿನಲ್ಲಿ ವಾಲ್ವ್ ತೆಗೆದು ಕೊಟ್ಟರು. ಮುಳ್ಳು ಇಳಿಯಿತು, ಎಲ್ಲರಿಗೂ ಖುಷಿ. ಜುಲೈ ಹೊತ್ತಿಗೆ ಆವರೇಜ್ 10ಕ್ಕೆ ಬಿದ್ದಿತ್ತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಗಾಡಿಗೆ 77 ಲೀಟರ್ ಸಾಕಾಗುತ್ತಿದ್ದಲ್ಲಿ ಈಗ 100 ಲೀಟರ್.

ಅಲ್ಲಿಂದ ಬೇಟೆ ಶುರು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್, ಟ್ಯಾಂಕಿಗೆ ಸುರಿಯುವ ಬಾಟಲಿ, ಕೊನೆಗೆ ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ ಕೂಡ. (ಅಯಸ್ಕಾಂತಕ್ಕೂ ಡೀಸೆಲ್ಲಿಗೂ ಯಾವ ಲೇವಾದೇವಿಯೂ ಇಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ.) ವಾಲ್ವ್ ಯಾರ ನೆನಪಿಗೂ ಬರಲಿಲ್ಲ, ಏಕೆಂದರೆ ಅದು ಹೀಟ್‌ನ ರಿಪೇರಿ, ಇದು ಆವರೇಜ್‌ನ ದೂರು. ಸುಳಿವು ಸಿಕ್ಕಿದ್ದು ಆಯಿಲ್ ಕಡ್ಡಿಯಲ್ಲಿ: ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆಗಿಂತ ಏರಿತ್ತು, ಬೆರಳಿಗೆ ತೆಳ್ಳಗೆ ಹತ್ತುತ್ತಿತ್ತು, ಡೀಸೆಲ್ ವಾಸನೆ. ಮುಂದಿನ ಮಾರ್ಚ್‌ನಲ್ಲಿ ಮುಳ್ಳು ಮತ್ತೆ ಏರಿತು. ಈ ಸಲ ಹೆಡ್ ಗ್ಯಾಸ್ಕೆಟ್ಟೂ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಹೋಯಿತು.

ಥರ್ಮೋಸ್ಟಾಟ್ ಒಳಗೆ ಮೇಣದ ಒಂದು ಗುಳಿಗೆ ಇರುತ್ತದೆ. ಸಾಮಾನ್ಯವಾಗಿ 82 ಡಿಗ್ರಿಯ ಸುಮಾರಿಗೆ ಅದು ಹಿಗ್ಗಿ ವಾಲ್ವ್ ತೆರೆಯತೊಡಗುತ್ತದೆ (ನಿಮ್ಮ ವಾಲ್ವಿನ ಅಂಕಿ ಅದರ ಮೇಲೆಯೇ ಕೆತ್ತಿರುತ್ತದೆ). ಅಲ್ಲಿಯವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ ಬೇಗ ಕಾಯುತ್ತದೆ. ವಾಲ್ವೇ ಇಲ್ಲದಿದ್ದರೆ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ, ಚಳಿಗಾಲದ ಮುಂಜಾವಿನಲ್ಲಿ, ಎಂಜಿನ್ 65ರ ಆಸುಪಾಸಿನಲ್ಲೇ ಉಳಿದುಬಿಡಬಹುದು. ಎಂಜಿನ್ ಇನ್ನೂ ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಲೇ ಇರುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದಕ್ಕೆ ತಕ್ಕಂತೆ ಹೆಚ್ಚು ಡೀಸೆಲ್ ಕೊಡುತ್ತಲೇ ಇರುತ್ತದೆ. ಆಯಿಲ್ ಗಟ್ಟಿಯಾಗಿದ್ದು ತಿಕ್ಕಾಟ ಹೆಚ್ಚು. ಪೂರ್ತಿ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಕಡ್ಡಿ ತೋರಿಸಿದ್ದು ಇದನ್ನೇ.

ಇನ್ನೊಂದು ಪೆಟ್ಟು ಗ್ಯಾರೇಜಿನವರಿಗೂ ಅಷ್ಟಾಗಿ ಗೊತ್ತಿರುವುದಿಲ್ಲ. ಹಲವು ಎಂಜಿನ್ನುಗಳಲ್ಲಿ ವಾಲ್ವಿನ ಕೆಳಗೆ ಎರಡನೇ ಬಿಲ್ಲೆ ಇರುತ್ತದೆ. ಮೇಲಿನದು ತೆರೆದಾಗ ಇದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಇಡೀ ವಾಲ್ವ್ ತೆಗೆದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೇ ಎಂಜಿನ್ನಿಗೆ ವಾಪಸ್. ಅಂದರೆ ಮಳೆಗಾಲದಲ್ಲಿ ತಣ್ಣಗೆ, ಸುಡುಬಿಸಿಲಿನ ವಂಟಮುರಿ ಘಾಟಿನಲ್ಲಿ ಮೊದಲಿಗಿಂತ ಬಿಸಿ.

ಹಾಗಾದರೆ ಗಾಡಿ ಹೀಟ್ ಆಗಿದ್ದೇಕೆ? ಸವಳು ನೀರಿನಿಂದ. ನೀರು ಕಾಯಿಸುವ ಹಂಡೆಯ ಒಳಗೆ ಕೂರುವ ಬಿಳಿ ಕಿಟ್ಟವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಟಾರ್ಚ್ ಬಿಟ್ಟು ನೋಡಿ: ಕೊಳವೆಗಳ ಬಾಯಲ್ಲಿ ಸುಣ್ಣದಂಥ ಹೊಪ್ಪಳಿಕೆ ಕಂಡರೆ ದೋಷ ವಾಲ್ವಿನದಲ್ಲ. ಅದನ್ನು ತೆಗೆಯಲು ಬಾತ್‌ರೂಮ್ ಆ್ಯಸಿಡ್ ಸುರಿಯುವವರಿದ್ದಾರೆ. ಅಲ್ಯುಮಿನಿಯಂ ರೇಡಿಯೇಟರ್ ಜರಡಿಯಾಗುತ್ತದೆ. ಹೊರಗಿನ ಕೊಳೆಯೂ ಕಡಿಮೆಯಿಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಓಡುವ ಗಾಡಿಗಳಲ್ಲಿ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ರವದಿ ಚೂರು, ಧೂಳು ಸೇರಿ ಕಂಬಳಿಯಾಗಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಸಾದಾ ಪೈಪಿನ ನೀರು ಬಿಡಿ. ಪ್ರೆಷರ್ ವಾಷರ್ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ಫಿನ್ ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ನಿಮ್ಮ ಗಾಡಿಯಲ್ಲಿ ವಾಲ್ವ್ ಇದೆಯೋ ಇಲ್ಲವೋ ಎಂದು ಬಿಚ್ಚದೆಯೇ ತಿಳಿಯಬಹುದು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರವಿಟ್ಟುಕೊಂಡು, ರೇಡಿಯೇಟರಿನ ಮೇಲಿನ ಹೋಸ್ ಪೈಪ್ (ವಾಲ್ವ್ ಕೆಳಗಿನ ಹೋಸಿನಲ್ಲಿದ್ದರೆ ಅದನ್ನು) ಮುಟ್ಟುತ್ತಿರಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ವಾಲ್ವ್ ಕೆಲಸ ಮಾಡುತ್ತಿದೆ. ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ವಾಲ್ವೇ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ, ಬಹಳ ಗಾಡಿಗಳಲ್ಲಿ ಅದು ನಡುವಿಗೆ ಬಂದಮೇಲೆ ಅಲುಗುವುದೇ ಇಲ್ಲ. ಒಬಿಡಿ ಡಾಂಗಲ್ (ಗಾಡಿಯ ಸೆನ್ಸರ್ ಅಂಕಿಗಳನ್ನು ಓದುವ ಸಣ್ಣ ಸಾಧನ) ಇದ್ದರೆ ಮೊಬೈಲಿನಲ್ಲಿ ಅಂಕಿಯೇ ಸಿಗುತ್ತದೆ.

ಹೊಸ ವಾಲ್ವ್ ಮನೆಯಲ್ಲೇ ಕೂರಿಸಬಹುದು. ಬೆಲೆ ಒಂದು ಟ್ಯಾಂಕ್ ಡೀಸೆಲ್ಲಿಗಿಂತ ಕಡಿಮೆ. ರಾತ್ರಿಯಿಡೀ ಗಾಡಿ ತಣ್ಣಗಾದ ಮೇಲೆಯೇ ಕ್ಯಾಪ್ ಮುಟ್ಟಿ. ಹಾಕುವ ಮುಂಚೆ ಹೊಸ ವಾಲ್ವನ್ನು ದಾರ ಕಟ್ಟಿ, ತಳ ತಾಗದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ ನೋಡಿ. ತೆರೆಯದ ಹೊಸ ಮಾಲೂ ಬರುತ್ತದೆ. ಹೌಸಿಂಗ್ ಹೆಚ್ಚಾಗಿ ಮೇಲಿನ ಹೋಸಿನ ತುದಿಯಲ್ಲಿ, ಕೆಲವು ಎಂಜಿನ್ನುಗಳಲ್ಲಿ ಕೆಳಗಿನದರಲ್ಲಿ. ಎರಡು ಮೂರು ಬೋಲ್ಟು, ಬಹಳ ಕಡೆ 10 ನಂಬರ್ ಪಾನಾ. ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗೆ, ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲಕ್ಕೆ, ಗಾಳಿ ಹೊರಹೋಗಲು. ಗ್ಯಾಸ್ಕೆಟ್ ಹೊಸದೇ ಹಾಕಿ. ಹಳೆಯದನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಅಲ್ಯುಮಿನಿಯಂ ಮೇಲೆ ಗೀರು ಬಿದ್ದು ಅಲ್ಲಿಂದಲೇ ಸೋರುತ್ತದೆ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪ ಬಿಗಿ ಮಾಡಿ, ಸಣ್ಣ ಪಾನಾದಲ್ಲಿ ಮಣಿಕಟ್ಟಿನ ಬಲ ಸಾಕು.

ಕೂಲಂಟ್ ತುಂಬುವಾಗ ಲೆಕ್ಕ ತಪ್ಪುವುದು ಇಲ್ಲಿ: ಒಟ್ಟು 8 ಲೀಟರ್ ಹಿಡಿಯುವ ಗಾಡಿಯಿಂದ ಕೆಳಗಿನ ಪ್ಲಗ್ ಬಿಚ್ಚಿದರೆ 5 ಲೀಟರ್ ಬರಬಹುದು, ಒಳಭಾಗ ತೊಳೆಯಲು ಬಿಟ್ಟ ನೀರು 3 ಲೀಟರ್ ಎಂಜಿನ್ ಬ್ಲಾಕಿನಲ್ಲೇ ನಿಂತಿರುತ್ತದೆ. ಹೊರಗೆ ಅರ್ಧಕ್ಕರ್ಧ ಬೆರೆಸಿ ಸುರಿದರೆ ಒಳಗೆ ನೀರುನೀರಾಗುತ್ತದೆ. ಅದಕ್ಕೆ ಮೊದಲು 4 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಗಟ್ಟಿ ಕೂಲಂಟ್), ಉಳಿದದ್ದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ತೊಳೆಯುವ ಕೊನೆಯ ಸುತ್ತಿಗೂ ಅದೇ ನೀರು. ರೆಡಿಮಿಕ್ಸ್ ಕ್ಯಾನ್ ಇದಕ್ಕೆ ಆಗುವುದಿಲ್ಲ, ಅದರಲ್ಲಿ ನೀರು ಮೊದಲೇ ಬೆರೆತಿರುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಮ್ಯಾನ್ಯುವಲ್ಲಿನಲ್ಲಿ ಬರೆದ ದರ್ಜೆ ನೋಡಿ. ಹೀಟರ್ ಗುಂಡಿ ಪೂರ್ತಿ ಬಿಸಿಯ ಕಡೆ ತಿರುಗಿಸಿ, ಕ್ಯಾಪ್ ತೆರೆದಿಟ್ಟು ಐಡಲ್‌ನಲ್ಲಿ ಬಿಡಿ. ಮೇಲಿನ ಹೋಸ್ ಬಿಸಿಯಾಗಿ ಗುಳ್ಳೆ ನಿಂತ ಮೇಲೆ ಮಟ್ಟ ಸರಿಮಾಡಿ ಕ್ಯಾಪ್ ಹಾಕಿ. ಕ್ಯಾಪಿನ ರಬ್ಬರ್ ಒಡೆದಿದ್ದರೆ ಅದನ್ನೂ ಬದಲಿಸಿ, ಒತ್ತಡ ನಿಲ್ಲದಿದ್ದರೆ ಕೂಲಂಟ್ ಬೇಗ ಕುದಿಯುತ್ತದೆ. ಡೀಸೆಲ್ ಸೇರಿದ ಎಂಜಿನ್ ಆಯಿಲನ್ನು ಫಿಲ್ಟರ್ ಸಮೇತ ಬದಲಿಸುವುದು ಮರೆಯಬೇಡಿ.

ಆವರೇಜ್ ಅಳೆಯುವುದು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ಅದೇ ಪಂಪಿನಲ್ಲಿ, ನಾಜಲ್ ಮೊದಲ ಸಲ ಕಟ್ ಆದಲ್ಲಿಗೇ ನಿಲ್ಲಿಸಿ, ಕನಿಷ್ಠ 300 ಕಿಲೋಮೀಟರ್ ಓಡಿಸಿ. 235/70 ಆರ್16 ಟೈರ್ ತೆಗೆದು 245/75 ಹಾಕಿಸಿದ್ದರೆ ಓಡೋಮೀಟರ್ ಸುಮಾರು ಶೇ 5ರಷ್ಟು ಕಡಿಮೆ ತೋರಿಸುತ್ತದೆ. ಲೆಕ್ಕದಲ್ಲಿ 10 ಬಂದರೆ ಅದು 10.5.

ತೆಗೆದ ಹಳೇ ಕೂಲಂಟನ್ನು ಬುಟ್ಟಿಯಲ್ಲಿ ಅಂಗಳದಲ್ಲಿ ಬಿಡಬೇಡಿ. ಅದು ಸಿಹಿ ಇರುತ್ತದೆ. ನಾಯಿ ನೆಕ್ಕುತ್ತದೆ, ಕರು ಕುಡಿಯುತ್ತದೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿಯೇ ಕೈ ತೊಳೆದುಕೊಳ್ಳಿ.