ರಟ್ಟೆಗೆ ಕಟ್ಟುವ ಬಿಪಿ ಮಷಿನ್: ಐವಿಎಫ್‌ಗೆ ಮೊದಲು ಕೊಳ್ಳುವವರಿಗೆ

ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ಹೊರಟವರು ಎಎಂಎಚ್ (ಅಂಡಗಳ ಸಂಗ್ರಹ ಅಂದಾಜಿಸುವ ರಕ್ತ ಪರೀಕ್ಷೆ), ಸ್ಕ್ಯಾನು, ವೀರ್ಯ ಪರೀಕ್ಷೆ ಎಲ್ಲ ಮಾಡಿಸಿರುತ್ತಾರೆ. ಬಿಪಿ ಮಾತ್ರ ಕ್ಲಿನಿಕ್ಕಿನಲ್ಲಿ ಒಮ್ಮೆ ನೋಡಿಸಿ ಮರೆತಿರುತ್ತಾರೆ. ಬಸಿರಿನ ಮೊದಲ ತಿಂಗಳುಗಳಲ್ಲಿ ರಕ್ತದೊತ್ತಡ ತಾನಾಗಿ ಇಳಿಯುತ್ತದೆ. ಮೊದಲೇ ಇದ್ದ ಬಿಪಿ ಆಗ ಮರೆಯಾಗುತ್ತದೆ. ಏಳನೇ ತಿಂಗಳಲ್ಲಿ ಏರಿದಾಗ ಅದು ಹಳೆಯದೋ ಬಸಿರಿನಿಂದ ಬಂದದ್ದೋ ಎಂದು ಹೇಳುವುದು ಡಾಕ್ಟರಿಗೂ ಕಷ್ಟ. ಹಾಗಾಗಿ ಐವಿಎಫ್ ಇಂಜೆಕ್ಷನ್ ಶುರುವಾಗುವ ಮೊದಲಿನ ಅಂಕಿಗಳು ಕೈಯಲ್ಲಿರಲೇಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಓಡುತ್ತಾ ಬಂದು, ಕ್ಲಿನಿಕ್ಕಿನಲ್ಲಿ ತೋರಿಸಿದ ಒಂದೇ ಅಂಕಿ ಅದಕ್ಕೆ ಸಾಲದು.

ಮಣಿಕಟ್ಟಿಗೆ ಕಟ್ಟುವ ಮಷಿನ್ ಬೇಡ. ಕೈ ಎದೆಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 8 ಅಂಕಿ ಹೆಚ್ಚು ತೋರಿಸುತ್ತದೆ. ರಟ್ಟೆಯದೇ ತೆಗೆದುಕೊಳ್ಳಿ, ಆದರೆ ಬೆಲೆಗಿಂತ ಮೊದಲು ರಟ್ಟೆಗೆ ಸುತ್ತುವ ಪಟ್ಟಿಯ (ಕಫ್) ಅಳತೆ ನೋಡಿ. ಭುಜದ ತುದಿಗೂ ಮೊಣಕೈಗೂ ನಡುವೆ ರಟ್ಟೆಯ ಸುತ್ತಳತೆ ತೆಗೆಯಿರಿ. ಪೆಟ್ಟಿಗೆಯ ಮೇಲೆ 22–32 ಸೆಂ.ಮೀ. ಎಂದಿದ್ದು ನಿಮ್ಮದು 35 ಇದ್ದರೆ, ಆ ಬಿಗಿ ಪಟ್ಟಿ ಇಲ್ಲದ ಬಿಪಿಯನ್ನು ಇದೆ ಎನ್ನುತ್ತದೆ. ಪಿಸಿಒಎಸ್ (ಹಾರ್ಮೋನು ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇದ್ದು ತೂಕ ಹೆಚ್ಚಿರುವವರಲ್ಲಿ ಆಗುವ ತಪ್ಪು ಇದೇ. 22–42ರ ಅಗಲ ಪಟ್ಟಿ ಬೇಕೆಂದು ಕೇಳಿ, ಅಂಗಡಿಯಲ್ಲೇ ಕಟ್ಟಿ ನೋಡಿ. ಬ್ಲೂಟೂತ್‌ಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಇಬ್ಬರ ಅಂಕಿ ಬೇರೆಬೇರೆ ಉಳಿಸುವ ಮಷಿನ್ ಒಳ್ಳೆಯದು, ಗಂಡನದೂ ನೋಡಬೇಕಲ್ಲ.

ಹೆಚ್ಚಿನವರು ಗಮನಿಸದ ಒಂದು ಸಂಗತಿ: ಎಲ್ಲ ಮಷಿನ್‌ಗಳೂ ಬಸುರಿಯರಲ್ಲಿ ಪರೀಕ್ಷೆಯಾಗಿರುವುದಿಲ್ಲ. ಪ್ರಿಎಕ್ಲಾಂಪ್ಸಿಯಾದಲ್ಲಿ (ಬಸಿರಿನಲ್ಲಿ ಬಿಪಿ ಅಪಾಯಕರವಾಗಿ ಏರುವ ಕಾಯಿಲೆ) ಕೆಲವು ಮಷಿನ್‌ಗಳು ಕಡಿಮೆ ತೋರಿಸುತ್ತವೆ, ಅದು ಅಪಾಯ. ನಿಖರತೆ ಪರೀಕ್ಷೆಯಾದ ಬಿಪಿ ಮಷಿನ್‌ಗಳ ಹೆಸರು ಕೊಡುವ ಸ್ಟ್ರೈಡ್ ಬಿಪಿ ವೆಬ್‌ಸೈಟಿನಲ್ಲಿ ಗರ್ಭಿಣಿಯರ ವಿಭಾಗ ಬೇರೆಯೇ ಇದೆ. ನಿಮ್ಮ ಮಾಡೆಲ್ ಸಂಖ್ಯೆ ಅಲ್ಲಿದೆಯೇ ನೋಡಿಕೊಂಡು ಕೊಂಡರೆ ಮುಂದೆ ಒಂಬತ್ತು ತಿಂಗಳೂ ಅದೇ ಸಾಕು.

ಅಳೆಯುವ ಮೊದಲು ಅರ್ಧ ಗಂಟೆ ಕಾಫಿ ಬೇಡ, ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂರಿ. ಪಟ್ಟಿ ಬರಿಯ ರಟ್ಟೆಯ ಮೇಲಿರಲಿ, ರವಿಕೆಯ ತೋಳನ್ನು ಮೇಲಕ್ಕೆ ಸುತ್ತಿ ಬಿಗಿ ಮಾಡಬೇಡಿ. ಬೆಳಗ್ಗೆ ಎರಡು, ಸಂಜೆ ಎರಡು, ನಡುವೆ ಒಂದು ನಿಮಿಷ. ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ಅಥವಾ ಮೇಲಿದ್ದರೆ ಐವಿಎಫ್ ದಿನಾಂಕಕ್ಕೆ ಮೊದಲೇ ಫಿಸಿಶಿಯನ್ನರನ್ನು ಕಾಣಿ. ಮಷಿನ್ ಸರಿಯಿದೆಯೇ ಎಂಬ ಅನುಮಾನ ಬಂದರೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್‌’ಗೆ ಒಯ್ದು ಅಲ್ಲಿನದರ ಜೊತೆ ತಾಳೆ ನೋಡಿ.

ಈಗಾಗಲೇ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿ ತೆಗೆದು ಓದಿ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಎನಾಲಪ್ರಿಲ್ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ನೀವಾಗಿ ನಿಲ್ಲಿಸಬೇಡಿ. ಲಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾದಂಥವಕ್ಕೆ ಡಾಕ್ಟರೇ ಬದಲಿಸಲಿ, ಬಿಪಿ ಹತೋಟಿಗೆ ಬಂದಮೇಲೆ ಭ್ರೂಣ ಹಾಕಿಸಿಕೊಳ್ಳಿ. ಅವಳಿ ಬಸಿರಿನಲ್ಲೂ ದಾನದ ಅಂಡದ ಬಸಿರಿನಲ್ಲೂ ಪ್ರಿಎಕ್ಲಾಂಪ್ಸಿಯಾ ಹೆಚ್ಚು, ಅಂಥವರು ಬಿಪಿ ನೋಡಿಕೊಳ್ಳುವುದನ್ನು ಮುಂದೂಡಬಾರದು.

ಮಷಿನ್ ಸಕ್ಕರೆಯನ್ನಂತೂ ಹೇಳುವುದಿಲ್ಲ. ಎಚ್‌ಬಿಎ1ಸಿ (ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಬೇರೆ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಬಸಿರಿಗೆ ಮುಂಚೆ ಅದು ಶೇ. 6.5ಕ್ಕಿಂತ ಕೆಳಗಿರಬೇಕು. ರಟ್ಟೆ ಅಳೆದ ಟೇಪಿನಲ್ಲೇ ಸೊಂಟದ ಸುತ್ತಳತೆಯನ್ನೂ ನೋಡಿ: ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಿದ್ದರೆ ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ ಅದೇ ರಕ್ತದಲ್ಲಿ ಮಾಡಿಸಿಬಿಡಿ.