ಸ್ಫಿಂಕ್ಸ್: ಡಾಕ್ಸ್‌ನಲ್ಲಿರೋ ತಪ್ಪು ಹಿಡಿದುಕೊಡೋ ಟೂಲ್

ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಡಾಕ್ಯುಮೆಂಟೇಶನ್ (ಅದನ್ನ ಬಳಸೋದು ಹೇಗೆ ಅಂತ ಹೇಳೋ ಬರಹ, ಚಿಕ್ಕದಾಗಿ ಡಾಕ್ಸ್) ಬರೆಯೋಕೆ ಯಾವುದು ಒಳ್ಳೇದು ಅಂತ ಯಾರಾದ್ರೂ ಕೇಳಿದ್ರೆ ನಾನು ಸ್ಫಿಂಕ್ಸ್ ಅಂತೀನಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಸ್‌ಗೋಸ್ಕರಾನೇ ಹುಟ್ಟಿದ್ದು, ಮೊದಲ ರಿಲೀಸ್ 2008ರಲ್ಲಿ, ಆಮೇಲೆ 2016ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮಾಡೋರೂ ಇದಕ್ಕೇ ಬಂದ್ರು. ಒಂದೇ ಸಲ ಬರೆದಿಟ್ರೆ ವೆಬ್ ಪೇಜು, ಪಿಡಿಎಫ್, ಇಪಬ್ (ಇ-ಬುಕ್) ಎಲ್ಲಾ ತೆಗೀಬಹುದು, ಸರ್ಚ್‌ಗೆ ಬೇರೆ ಸರ್ವರ್ ಕೂಡ ಬೇಡ.

ಆದ್ರೆ ನನಗೆ ಇದು ಇಷ್ಟ ಆಗಿದ್ದು ಬೇರೆ ಕಾರಣಕ್ಕೆ. ನಮ್ಮ ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಮ್‌ಗಳು ಬಳಸ್ಕೊಳ್ಳೋ ಕೋಡ್) ಒಂದು ಫಂಕ್ಷನ್ ಮೊದಲು ಲಿಸ್ಟ್ ವಾಪಸ್ ಕೊಡ್ತಿತ್ತು, ಒಂದು ವರ್ಶನ್‌ನಲ್ಲಿ ಅದನ್ನ ಡಿಕ್ಷನರಿ (ಹೆಸರಿನ ಜೊತೆ ಮೌಲ್ಯ ಇಡೋ ಡೇಟಾ ರೂಪ) ಮಾಡಿದ್ವಿ, ಟೆಸ್ಟ್ ಎಲ್ಲಾ ಪಾಸ್, ಖುಷಿಯಾಗಿ ರಿಲೀಸ್ ಮಾಡಿದ್ವಿ, ಡಾಕ್ಸ್‌ನ ಮೊದಲನೇ ಪೇಜಲ್ಲಿ ಮಾತ್ರ ಹಳೇ ಉದಾಹರಣೆ ಹಾಗೇ ಉಳ್ಕೊಂಡಿತ್ತು. ಹೊಸದಾಗಿ ಕಲೀತಿದ್ದ ಒಬ್ರು ಅದನ್ನ ನೋಡ್ಕೊಂಡು ಟೈಪ್ ಮಾಡಿ, ಎರರ್ ಬಂದಾಗ ತನ್ನದೇ ತಪ್ಪು ಅಂದ್ಕೊಂಡು ಅರ್ಧ ದಿನ ಒದ್ದಾಡಿದಾರೆ. ಅವರು ಬರೆದಿದ್ದನ್ನ ಓದಿ ನಿಜಕ್ಕೂ ಬೇಜಾರಾಯ್ತು. ಅವತ್ತೇ ಸ್ಫಿಂಕ್ಸ್‌ನ ಡಾಕ್‌ಟೆಸ್ಟ್ ಎಕ್ಸ್‌ಟೆನ್ಶನ್ ಆನ್ ಮಾಡಿದೆ. ಪೇಜಲ್ಲಿ ಬರೆದಿರೋ ಉದಾಹರಣೆನ ಅದು ನಿಜವಾಗ್ಲೂ ಓಡಿಸುತ್ತೆ, ಔಟ್‌ಪುಟ್ ಹೊಂದದೇ ಇದ್ರೆ 'ಎಕ್ಸ್‌ಪೆಕ್ಟೆಡ್' ಅಂತ ನೀವು ಬರೆದಿದ್ದು, ಅದರ ಕೆಳಗೇ 'ಗಾಟ್' ಅಂತ ನಿಜವಾಗಿ ಬಂದಿದ್ದು, ಎರಡನ್ನೂ ಮುಂದಿಟ್ಟುಬಿಡುತ್ತೆ. ಮೊದಲ ರನ್‌ನಲ್ಲೇ ಅಂಥ ಹಳಸಿದ ಉದಾಹರಣೆಗಳು ಇನ್ನೂ ಎಷ್ಟೋ ಸಿಕ್ವು. ಲಿಂಕ್‌ಚೆಕ್ ಅಂತ ಇನ್ನೊಂದಿದೆ, ಸತ್ತುಹೋದ ಲಿಂಕ್ ಹುಡುಕಿ ಹೇಳುತ್ತೆ, ಅದೂ ಬೇಕೇ ಬೇಕು.

ಆಟೋಡಾಕ್ ಅನ್ನೋ ಇನ್ನೊಂದು ಎಕ್ಸ್‌ಟೆನ್ಶನ್ ಬಗ್ಗೆ ಮಾತ್ರ ಸ್ವಲ್ಪ ಹುಷಾರು. ಕೋಡ್ ಒಳಗೇ ಬರೆದಿರೋ ವಿವರಣೆ, ಅಂದ್ರೆ ಡಾಕ್‌ಸ್ಟ್ರಿಂಗ್, ಎತ್ಕೊಂಡು ತಾನೇ ಪೇಜ್ ಮಾಡ್ಕೊಡುತ್ತೆ, ಅದನ್ನ ನೋಡಿ ಎಷ್ಟೋ ಜನ ಡಾಕ್ಸ್ ಮುಗೀತು ಅಂದ್ಕೋತಾರೆ. ಮುಗಿದಿರಲ್ಲ! ಫಂಕ್ಷನ್ ಹೆಸರಿನ ಪಟ್ಟಿ ನೋಡಿ ಯಾರೂ ಲೈಬ್ರರಿ ಕಲಿಯಲ್ಲ, ಎಲ್ಲಿಂದ ಶುರು ಮಾಡ್ಬೇಕು, ಯಾವುದನ್ನ ಯಾವಾಗ ಬಳಸ್ಬೇಕು ಅನ್ನೋದನ್ನ ಮನುಷ್ಯರೇ ಕೂತು ಬರೀಬೇಕು. ಇನ್ನೊಂದು, ಡಾಕ್‌ಸ್ಟ್ರಿಂಗ್ ಇಲ್ಲದ ಫಂಕ್ಷನ್‌ನ ಅದು ಡೀಫಾಲ್ಟಾಗಿ ಸುಮ್ನೆ ಬಿಟ್ಟುಬಿಡುತ್ತೆ, ಹಾಗಾಗಿ ಪೇಜ್ ನೋಡೋಕೆ ತುಂಬಿದ ಹಾಗಿದ್ರೂ ಏನು ಬಿಟ್ಟುಹೋಗಿದೆ ಅಂತ ಗೊತ್ತೇ ಆಗಲ್ಲ. ಮಾಡ್ಯೂಲ್‌ನ ಇಂಪೋರ್ಟ್ ಮಾಡಿಯೇ, ಅಂದ್ರೆ ಆ ಕೋಡ್ ಫೈಲನ್ನ ಲೋಡ್ ಮಾಡಿ ಓಡಿಸಿಯೇ, ಓದೋದ್ರಿಂದ, ಇಂಪೋರ್ಟ್ ಆದ ತಕ್ಷಣ ಡೇಟಾಬೇಸಿಗೆ ಹೋಗೋ ಥರ ಕೋಡ್ ಬರೆದಿದ್ರೆ ಅದೂ ಓಡುತ್ತೆ.

ಕಷ್ಟ ಅಂದ್ರೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್, ಸ್ಫಿಂಕ್ಸ್‌ನಲ್ಲಿ ಪೇಜ್ ಬರೆಯೋಕೆ ಬಳಸೋ ಗುರುತುಗಳ ಪದ್ಧತಿ. ಹೆಡಿಂಗ್ ಕೆಳಗಿನ ಗೆರೆ ಗಿಡ್ಡ ಆದ್ರೂ ವಾರ್ನಿಂಗ್, ಲಿಂಕ್ ಕೊನೇಲಿ ಒಂದು ಅಂಡರ್‌ಸ್ಕೋರ್ ಮರೆತ್ರೆ ಲಿಂಕೇ ಇಲ್ಲ. ಮಾರ್ಕ್‌ಡೌನ್ (ಇದಕ್ಕಿಂತ ಸರಳವಾದ ಇನ್ನೊಂದು ಪದ್ಧತಿ) ಅಭ್ಯಾಸ ಇರೋರು ಅದರಲ್ಲೇ ಬರೆಯೋಕೆ ಬಿಡೋ ಮಿಸ್ಟ್ ಪಾರ್ಸರ್ ಹಾಕ್ಕೊಳ್ಳಿ, ನಮ್ಮ ಟೀಮಲ್ಲಿ ಅದು ಬಂದ್ಮೇಲೇ ಬೇರೆಯವರೂ ಬರೆಯೋಕೆ ಶುರು ಮಾಡಿದ್ದು. ನಾಲ್ಕೈದು ಪೇಜಿನ ಚಿಕ್ಕ ಪ್ರಾಜೆಕ್ಟಿಗೆ ಇಷ್ಟೆಲ್ಲಾ ಬೇಡ, ಒಂದು ಒಳ್ಳೇ ರೀಡ್‌ಮಿ (ಪರಿಚಯದ ಫೈಲು) ಸಾಕು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಹಳೇ ಪ್ರಾಜೆಕ್ಟಿಗೆ ಹಾಕೋರು, ವಾರ್ನಿಂಗ್ ಬಂದ್ರೆ ಬಿಲ್ಡ್ (ಪೇಜ್ ತಯಾರಿಸೋ ಕೆಲಸ) ಫೇಲ್ ಆಗೋ ಸೆಟ್ಟಿಂಗನ್ನ ಮೊದಲ ದಿನವೇ ಆನ್ ಮಾಡ್ಬೇಡಿ, ವಾರ್ನಿಂಗ್ ರಾಶಿ ನೋಡಿ ಕೈಬಿಡ್ತೀರ. ಮೊದಲು ಹೊಸಬರು ಓದೋ ಪೇಜಿನ ಉದಾಹರಣೆಗಳನ್ನ ಡಾಕ್‌ಟೆಸ್ಟಿಗೆ ಹಾಕಿ, ಉಳಿದಿದ್ದು ನಿಧಾನಕ್ಕೆ.