ಹತ್ತು ರೂಪಾಯಿಯ ಅರ್ಜಿ: ಕಾಸರಗೋಡಿನಲ್ಲಿ ಮಾಹಿತಿ ಹಕ್ಕು ಸೇವೆ ಹೇಗಿದೆ?

ಪಂಚಾಯತು ಕಚೇರಿಯ ಮುಂದೆ ಧರಣಿ ಕೂರುವುದಕ್ಕೆ ಮೊದಲು ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿ. ಕೈಯಲ್ಲಿ ದಾಖಲೆ ಇಲ್ಲದ ಹೋರಾಟವನ್ನು ಅಧಿಕಾರಿ ಎರಡು ಮಾತಿನಲ್ಲಿ ಸಾಗಹಾಕುತ್ತಾರೆ. ಮೊಹರು ಬಿದ್ದ ಕಾಗದ ಎದುರಿಗಿಟ್ಟರೆ ಹಾಗೆ ಮಾಡಲು ಬರುವುದಿಲ್ಲ. 1996ರಲ್ಲಿ ರಾಜಸ್ಥಾನದ ಬ್ಯಾವರ್‌ನಲ್ಲಿ ಧರಣಿ ಕೂತ ಕೂಲಿಕಾರರು ಕೇಳಿದ್ದೂ ಇದನ್ನೇ: ನಮ್ಮ ಹೆಸರಿನಲ್ಲಿ ಬರೆದ ಲೆಕ್ಕವನ್ನು ನಮಗೆ ತೋರಿಸಿ. ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ.

ಶುಲ್ಕ 10 ರೂಪಾಯಿ. ಸರ್ಕಾರಿ ಕಚೇರಿಗೆ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಸಾಕು. ಪಂಚಾಯತಿನಲ್ಲಾದರೆ ಕೌಂಟರಿನಲ್ಲಿ ನಗದು ಕಟ್ಟಿ ರಶೀದಿ ಪಡೆಯುವುದು ಒಳ್ಳೆಯದು. ಕೇಂದ್ರ ಕಚೇರಿಗಳಿಗೆ ನಡೆಯುವ ಪೋಸ್ಟಲ್ ಆರ್ಡರ್ ಕೇರಳದ ಕಚೇರಿಗಳಿಗೆ ನಡೆಯುವುದಿಲ್ಲ; ಅದನ್ನು ಇಟ್ಟು ಕಳಿಸಿದ ಅರ್ಜಿ ಹಾಗೆಯೇ ವಾಪಸು ಬರುತ್ತದೆ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಆದರೆ ಅದಕ್ಕೆ ದಾಖಲೆಯ ಪ್ರತಿ ಲಗತ್ತಿಸಬೇಕು. ಸಂಘದ ಲೆಟರ್‌ಹೆಡ್ ಬಳಸಬೇಡಿ. ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ, ಹಾಗಾಗಿ ಸದಸ್ಯರಲ್ಲಿ ಒಬ್ಬರು ತಮ್ಮ ಹೆಸರು, ವಿಳಾಸ ಬರೆದು ಸಹಿ ಹಾಕಲಿ.

ಹೆಚ್ಚಿನ ಅರ್ಜಿಗಳು ಸೋಲುವುದು ಪ್ರಶ್ನೆಯಲ್ಲಿ. 'ನಮ್ಮ ರಸ್ತೆ ಒಂದೇ ಮಳೆಗೆ ಯಾಕೆ ಕಿತ್ತುಹೋಯಿತು?' ಎಂದು ಕೇಳಿದರೆ 'ಇಂಥ ಮಾಹಿತಿ ಕಚೇರಿಯಲ್ಲಿ ಲಭ್ಯವಿಲ್ಲ' ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅದು ಕಾನೂನು ಪ್ರಕಾರ ಸರಿಯೂ ಹೌದು. ಕಚೇರಿ ಕೊಡಬೇಕಾದದ್ದು ತನ್ನಲ್ಲಿರುವ ದಾಖಲೆಯನ್ನು, ವಿವರಣೆಯನ್ನಲ್ಲ. ಅದೇ ರಸ್ತೆಗೆ ಹೀಗೆ ಬರೆಯಿರಿ: ವಾರ್ಡು ಸಂಖ್ಯೆ, ಕಾಮಗಾರಿಯ ಹೆಸರು, ವರ್ಷ; ಎಸ್ಟಿಮೇಟಿನ ಪ್ರತಿ, ಕೆಲಸದ ಅಳತೆ ಬರೆದಿಡುವ ಮೆಷರ್‌ಮೆಂಟ್ ಬುಕ್ಕಿನ (ಎಂ ಬುಕ್) ಸಂಬಂಧಪಟ್ಟ ಪುಟಗಳು, ಕೊನೆಯ ಬಿಲ್ಲು. ಡಾಮರು ಎಷ್ಟು ದಪ್ಪ ಹಾಕಿದ್ದಾಗಿ ಬರೆದುಕೊಂಡಿದ್ದಾರೆ ಎಂಬುದು ಎಂ ಬುಕ್ಕಿನಲ್ಲಿದೆ. ಆ ಪುಟ ಹಿಡಿದುಕೊಂಡು ರಸ್ತೆಯ ಅಂಚಿಗೆ ಸ್ಕೇಲ್ ಇಟ್ಟು ನೋಡಿದರೆ ಗ್ರಾಮಸಭೆಯಲ್ಲಿ ಬೇರೆ ಭಾಷಣ ಬೇಕಿಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಸೆಕ್ಷನ್ 2(ಜೆ)ಯಲ್ಲಿದೆ. ಅದನ್ನು ಬಳಸುವವರು ತೀರ ಕಡಿಮೆ.

ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ನ ಸಂತ್ರಸ್ತರ ವಿಷಯದಲ್ಲಿ ಇದು ಇನ್ನೂ ಮುಖ್ಯ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಲು ಹೇಳಿತು. 2022ರಲ್ಲಿ ಅದೇ ಹಣಕ್ಕಾಗಿ ನ್ಯಾಯಾಂಗ ನಿಂದನೆಯ ಅರ್ಜಿಯ ಮೇಲೆ ಮತ್ತೆ ಆದೇಶವಾಗಬೇಕಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಸಾಕುತ್ತಿರುವ ತಾಯಂದಿರು ವಿದ್ಯಾನಗರದ ಕಲೆಕ್ಟರೇಟಿಗೆ ಅಲೆಯುವುದು ತಪ್ಪಬೇಕಾದರೆ ಸಂತ್ರಸ್ತರ ಪಟ್ಟಿಯ ಬಗ್ಗೆ ಅಲ್ಲ, ಸ್ವಂತ ಫೈಲಿನ ಬಗ್ಗೆ ಕೇಳಬೇಕು: ವೈದ್ಯಕೀಯ ಶಿಬಿರದಲ್ಲಿ ತಪಾಸಣೆ ಮಾಡಿದ ವೈದ್ಯರ ಟಿಪ್ಪಣಿಯ ಪ್ರತಿ, ಫೈಲ್ ನಂಬರು, ಯಾವ ದಿನ ಯಾರ ಮೇಜಿಗೆ ಹೋಯಿತು, ಇಂದು ಎಲ್ಲಿದೆ. ಬೇರೆಯವರ ಹೆಸರಿನ ಪಟ್ಟಿ ಕೇಳಿದರೆ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಸೆಕ್ಷನ್ 8(1)(ಜೆ) ತೋರಿಸಿ ನಿರಾಕರಿಸುತ್ತಾರೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯಿಂದ ಆ ದಾರಿ ಮತ್ತಷ್ಟು ಕಿರಿದಾಗಿದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8(2) ಮಾತ್ರ ಉಳಿದಿದೆ, ಅರ್ಜಿಯಲ್ಲೇ ಅದನ್ನು ಉಲ್ಲೇಖಿಸಿ.

ಭಾಷೆಯ ವಿಚಾರದಲ್ಲಿ ಸೇವೆಗೆ ಕಡಿಮೆ ಅಂಕ. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಈ ಭಾಗದ ಕನ್ನಡಿಗರಿಗೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಿಂದಲೇ ಬಂದಿದೆ. ಆದರೂ ಮಲಯಾಳದ ಉತ್ತರವೇ ಮನೆಗೆ ಬರುವುದು ಮಾಮೂಲಾಗಿದೆ. ಅದನ್ನು ಸುಮ್ಮನೆ ಒಪ್ಪಿಕೊಳ್ಳಬಾರದು. ಅರ್ಜಿಯ ಕೊನೆಗೆ 1969ರ ಕಾಯ್ದೆಯನ್ನು ಹೆಸರಿಸಿ 'ಉತ್ತರವನ್ನು ಕನ್ನಡದಲ್ಲಿ ಕೊಡಬೇಕು' ಎಂದು ಬರೆಯಿರಿ. ಕೆಲಸ ಬೇಗ ಆಗಲೆಂದು ಮಲಯಾಳದ ಒಂದು ಪುಟ ಜೊತೆಗಿಡಬಹುದು, ಆದರೆ ಸಹಿ ಇರುವ ಮೂಲ ಅರ್ಜಿ ಕನ್ನಡದ್ದೇ ಆಗಿರಲಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಡಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಪಿಟಿಎಯವರು (ಶಿಕ್ಷಕ-ಪಾಲಕರ ಸಂಘ) ಕೇಳಬೇಕಾದ್ದು ಆ ಹುದ್ದೆಯ ಅಧಿಸೂಚನೆ, ಅದರಲ್ಲಿ ಹೇಳಿದ ಭಾಷಾ ಅರ್ಹತೆ ಮತ್ತು ನೇಮಕಾತಿ ಆದೇಶ. ಈ ಮೂರು ಪ್ರತಿಗಳಿಲ್ಲದೆ ಕೊಟ್ಟ ಮನವಿ ಕಡತದಲ್ಲೇ ಮಲಗುತ್ತದೆ.

ಉತ್ತರಕ್ಕೆ 30 ದಿನ, ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು 5 ದಿನದೊಳಗೆ ಅವರೇ ಸರಿಯಾದ ಕಡೆಗೆ ಕಳಿಸಬೇಕು. ಪ್ರತಿಗಳಿಗೆ ಹಣ ಕಟ್ಟಿ ಎಂಬ ಪತ್ರ ಬಂದ ಕೂಡಲೇ ಕಟ್ಟಿಬಿಡಿ, ಕಟ್ಟುವವರೆಗಿನ ದಿನಗಳು 30ರಲ್ಲಿ ಸೇರುವುದಿಲ್ಲ. ಅವಧಿ ಮೀರಿದರೆ ಪ್ರತಿಗಳು ಉಚಿತ.

ಮೊದಲ ಮೇಲ್ಮನವಿ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ, 30 ದಿನದೊಳಗೆ. ಬಹಳ ಜನ ಕೈಚೆಲ್ಲುವುದು ಇಲ್ಲೇ, ಕಚೇರಿಗಳಿಗೂ ಅದು ಗೊತ್ತು. ದಂಡದ ಅಧಿಕಾರ, ಅಂದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ, ಇರುವುದು ತಿರುವನಂತಪುರದ ಮಾಹಿತಿ ಆಯೋಗಕ್ಕೆ ಮಾತ್ರ. ಅಲ್ಲಿಗೆ ಎರಡನೇ ಮೇಲ್ಮನವಿ 90 ದಿನದೊಳಗೆ ಹೋಗಬೇಕು. ಸರದಿ ಬರಲು ತಡವಾಗುತ್ತದೆ, ಆದ್ದರಿಂದ ಅರ್ಜಿಯ ಪ್ರತಿ, ಶುಲ್ಕದ ರಶೀದಿ, ಸ್ಪೀಡ್ ಪೋಸ್ಟ್ ರಶೀದಿ ಮತ್ತು ಉತ್ತರ ಬಂದ ಲಕೋಟೆಯನ್ನು ಒಂದೇ ಫೈಲಿನಲ್ಲಿಡಿ. ಉತ್ತರದ ಮೇಲಿನ ತಾರೀಕಿಗೂ ಅಂಚೆ ಮುದ್ರೆಯ ತಾರೀಕಿಗೂ ವ್ಯತ್ಯಾಸವಿದ್ದರೆ ತಡವಾದದ್ದಕ್ಕೆ ಆ ಲಕೋಟೆಯೇ ಸಾಕ್ಷಿ.